ಮೂರು ಸಲ ವಾಪಸ್ ಬಂದ ಬೆಕ್ಕು

ಎಲ್ಲದಕ್ಕೂ ಕಾರಣ ಒಂದು ಚೀಸ್ ಬಿಸ್ಕತ್ತು. ಒಂದು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಸೀಲುಮಾಮನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಕಳೆದ ಮೂರು ವರ್ಷಗಳಿಂದ ಚೀಸ್ ಬಿಸ್ಕತ್ತಿನ ಪೊಟ್ಟಣ ಇಲ್ಲದ ದಿನವೇ ಇರಲಿಲ್ಲ.

ಸೀಲುಮಾಮ ಗ್ರಂಥಾಲಯದ ಗುಮಾಸ್ತ. ಓದುಗರು ಮನೆಗೆ ಒಯ್ಯುವ ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತುವುದು ಅವನ ಕೆಲಸ. ಮಕ್ಕಳು ಇಟ್ಟ ಆ ಹೆಸರು ಬರುಬರುತ್ತಾ ದೊಡ್ಡವರ ಬಾಯಿಗೂ ಹತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ತಾನೇ ಕ್ಷಮೆ ಕೇಳುವಂಥ ಮೆತ್ತಗಿನ ಮನುಷ್ಯ. ಮೂರು ವರ್ಷದ ಹಿಂದೆ ಡಾಕ್ಟರು ಅವನ ರಕ್ತದೊತ್ತಡ ನೋಡಿ, ಉಪ್ಪು ಕಡಿಮೆ ಮಾಡಿ ಎಂದಿದ್ದರು. ಆ ಮಾತನ್ನು ಅವನ ಹೆಂಡತಿ ಡಾಕ್ಟರಿಗಿಂತ ಶ್ರದ್ಧೆಯಿಂದ ಹಿಡಿದುಕೊಂಡಳು. ಅಂದಿನಿಂದ ಮನೆಯ ಊಟ ಬಾಯಿಗೆ ಇಟ್ಟರೆ ಒಗೆದ ಬಟ್ಟೆ ಅಗಿದಂತೆ ಇರುತ್ತಿತ್ತು. ಬಟ್ಟೆಯ ಬೀರುವಿನಲ್ಲಿ, ಚಳಿಗಾಲದ ಸ್ವೆಟರುಗಳ ಅಡಿಯಲ್ಲಿ ಅವನೊಂದು ಬಿಸ್ಕತ್ತಿನ ಡಬ್ಬಿ ಬಚ್ಚಿಟ್ಟಿದ್ದ ನಿಜ, ಆದರೆ ಅದು ಭಾನುವಾರದ ಆಪತ್ತಿಗೆ ಮಾತ್ರ. ವಾರದ ಉಳಿದ ದಿನಗಳ ಆಸರೆ ಈ ಡ್ರಾಯರು.

ಗ್ರಂಥಾಲಯದಲ್ಲಿ ತಿಂಡಿ ತಿನ್ನಕೂಡದು ಎಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು. ಏಣಿ ಹತ್ತಿ ಅದನ್ನು ಮೊಳೆ ಹೊಡೆದು ತೂಗುಹಾಕಿದವನೂ ಅವನೇ. ಹಾಗಾಗಿ ಅವನು ಡ್ರಾಯರಿನತ್ತ ನೋಡುತ್ತಿರಲಿಲ್ಲ. ಕಣ್ಣು ಓದುಗರ ಮೇಲೆ, ಕೈ ಮಾತ್ರ ಕೆಳಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಕಟ್ಟಿದವರು ಸೀಲುಮಾಮನನ್ನು ನೋಡಿದ್ದರೆ ಬೆಕ್ಕಿನ ತಂಟೆಗೆ ಹೋಗುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಹತ್ತಕ್ಕೆ ಗ್ರಂಥಪಾಲಕಿ, ಅಂದರೆ ಎಲ್ಲರ ಪಾಲಿನ ಮೇಡಂ, ಗಾಜಿನ ಕಪಾಟಿನಿಂದ ಹಕ್ಕಿಗಳ ಬಣ್ಣದ ಪುಸ್ತಕವನ್ನು ತೆಗೆದರು. ಎಂಬತ್ತು ವರ್ಷ ಹಳೆಯದು, ಕೈಯಲ್ಲಿ ಬರೆದ ಚಿತ್ರಗಳದ್ದು, ಗ್ರಂಥಾಲಯದ ಮುಕುಟ ಎಂದು ಅವರು ಬಂದವರಿಗೆಲ್ಲ ತೋರಿಸುತ್ತಿದ್ದದ್ದು. ತೆರೆದರೆ ಕೊಕ್ಕರೆಯಿಂದ ಹಿಡಿದು ಮರಕುಟಿಗದವರೆಗೆ ಪುಟಗಳ ಅರ್ಧರ್ಧ ಮಾಯ. ಗೂಬೆಯ ಪುಟವಂತೂ ಪೂರ್ತಿ ಇಲ್ಲ. ಇಲಿಯೊಂದು ಗೂಬೆಯನ್ನು ತಿಂದದ್ದು ಲೋಕದಲ್ಲಿ ಬಹುಶಃ ಅದೇ ಮೊದಲು.

ಮೇಡಂ ಕೂಗಾಡುವವರಲ್ಲ. ಅವರು ಮೆಲ್ಲಗೆ ಮಾತಾಡಿದಷ್ಟೂ ಎದುರಿಗಿದ್ದವರ ಬೆನ್ನು ತಣ್ಣಗಾಗುತ್ತಿತ್ತು. ಒಳಗೆ ಯಾರೂ ತಿನ್ನುವುದಿಲ್ಲ, ಆದರೂ ಇಲಿ ಬಂದಿದೆ ಎಂದರೆ ಗುಡಿಸುವುದು ಸರಿಯಾಗಿಲ್ಲ ಎಂದರ್ಥ, ಎಂದು ಅವರು ತೀರ್ಪು ಕೊಟ್ಟರು. ಗುಡಿಸುತ್ತಿದ್ದದ್ದು ಹನ್ನೊಂದು ವರ್ಷದಿಂದ ಒಬ್ಬಳೇ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾಳೆಯಿಂದ ಬೇರೆಯವರನ್ನು ಕಳಿಸಿ ಎಂದು ಸಂಜೆ ಐದಕ್ಕೆ ಗುತ್ತಿಗೆದಾರನಿಗೆ ಪತ್ರ ಹೋಗುತ್ತದೆ ಎಂದರು ಮೇಡಂ. ಅಕ್ಕ ಪೊರಕೆ ಹಿಡಿದು ನಿಂತವಳು ನಿಂತೇ ಇದ್ದಳು. ಗಂಡನಿಲ್ಲ, ಮಗಳ ನರ್ಸಿಂಗ್ ಓದಿಗೆ ಇನ್ನೊಂದು ವರ್ಷ ಬಾಕಿ. ಅದು ಅಲ್ಲಿದ್ದವರಿಗೆಲ್ಲ ಗೊತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೀಲುಮಾಮನ ಕೈ ತುಟಿಯ ಅಂಚನ್ನು ಒರೆಸಿಕೊಂಡಿತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ತಪ್ಪು ನನ್ನದು, ಎರಡೇ ಪದ. ಅವನು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಎಲ್ಲರೂ ಅವನತ್ತ ತಿರುಗಿದರು.

"ಮೇಡಂ, ಒಂದು ಬೆಕ್ಕು ತಂದ್ರೆ ಹೇಗೆ?" ಎಂದ.

ಹೇಳಬೇಕೆಂದಿದ್ದು ಅದಲ್ಲ. ಆದರೆ ಬಾಯಿಂದ ಬಂದದ್ದು ಅದೇ. ಬಂದ ಮೇಲೆ ಅದಕ್ಕೆ ಕಾಲು ಕೈ ಜೋಡಿಸಲೇಬೇಕಾಯಿತು: ಎಷ್ಟು ಗುಡಿಸಿದರೂ ಇಲಿ ಬರುತ್ತದೆ, ಬೆಕ್ಕೊಂದಿದ್ದರೆ ತಲೆ ಹಾಕುವುದಿಲ್ಲ, ಅಕ್ಕನಿಗೆ ಇನ್ನೊಂದು ತಿಂಗಳು ಕೊಟ್ಟು ನೋಡಬಹುದು. ಮೇಡಂ ಕನ್ನಡಕದ ಮೇಲಿಂದ ನೋಡಿದರು. ಐದರೊಳಗೆ ಬೆಕ್ಕು ಇಲ್ಲಿದ್ದರೆ ಪತ್ರ ಕಳಿಸುವುದಿಲ್ಲ, ಇಲ್ಲದಿದ್ದರೆ ಕಳಿಸುತ್ತೇನೆ ಎಂದು ಒಪ್ಪಿದರು. ಬೇರೆಯವರಿಗಾಗಿ ಇಷ್ಟು ಮಿಡಿಯುವ ಜೀವ ಎಂದು ಓದುಗರ ಸಾಲಿನಲ್ಲಿದ್ದ ಮುದುಕರೊಬ್ಬರು ಸೀಲುಮಾಮನ ಬೆನ್ನು ತಟ್ಟಿದರು. ಆ ಏಟು ಅವನಿಗೆ ಕಪಾಳಕ್ಕೆ ಬಿದ್ದಂತಾಯಿತು.

ಓದುಗರ ಸರದಿ ಮುಗಿಸಿ ಮಧ್ಯಾಹ್ನ ಹೊರಡುವಾಗ ಬಾಗಿಲಲ್ಲಿ ಅಕ್ಕ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದಳು. ಬೆಕ್ಕಿಗೆ ಉಸಿರಾಡಲು ಆಗಲೇ ತೂತು ಮಾಡಿಟ್ಟಿದ್ದಳು.

"ಸರ್, ನೀವು ಬೇರೆ ಏನೋ ಹೇಳೋಕೆ ಎದ್ದಂಗಿತ್ತು," ಎಂದಳು.

"ಇಲ್ಲಮ್ಮ. ಇದೇ ಹೇಳ್ಬೇಕು ಅಂತಿದ್ದೆ."

"ಸರಿ ಬಿಡಿ. ಹೋಗಿ ಬನ್ನಿ," ಎಂದು ಪೆಟ್ಟಿಗೆ ಕೊಟ್ಟಳು.

ಜೊತೆಗೆ ಬೈಂಡರೂ ಹೊರಟ. ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಈ ಮನುಷ್ಯನಿಗೆ ಲೋಕದ ಯಾವ ವಿಷಯದಲ್ಲೂ ತಿಳಿಯದ್ದು ಇರಲಿಲ್ಲ. ಕರೆಯದಿದ್ದರೂ ಬರುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ. ಅವನ ಮೈದಾ ಅಂಟನ್ನೂ ಇಲಿ ತಿನ್ನುವುದರಿಂದ ಅಪವಾದ ನಾಳೆ ತನ್ನ ತಲೆಗೂ ಬರಬಹುದೆಂಬ ಅಳುಕು ಬೇರೆ. ದಾರಿಯುದ್ದಕ್ಕೂ ಒಳ್ಳೆಯ ಇಲಿಬೇಟೆಗಾರ ಬೆಕ್ಕಿನ ಲಕ್ಷಣಗಳನ್ನು ಅವನು ವಿವರಿಸಿದ. ಕಿವಿ ತೆಳ್ಳಗಿರಬೇಕು, ಹೊಟ್ಟೆ ಜೋತುಬಿದ್ದಿರಬಾರದು, ಮುಖ್ಯವಾಗಿ ಇಲಿಯ ವಾಸನೆಗೆ ಮೈ ಅದುರಬೇಕು.

ಪ್ರಾಣಿಗಳ ಆಶ್ರಯಕೇಂದ್ರ ಊರ ಹೊರಗಿನ ಹಳೇ ಶೆಡ್ಡಿನಲ್ಲಿತ್ತು. ಬಾಗಿಲಲ್ಲೇ ದೊಡ್ಡ ಅಕ್ಷರದ ಫಲಕ: ಇಲಿ ಹಿಡಿಯಲು ಬೆಕ್ಕು ಕೊಡುವುದಿಲ್ಲ. ಬೆಕ್ಕು ಆಳಲ್ಲ, ಮನೆಯ ಮಗು. ಇಬ್ಬರೂ ಅದನ್ನು ಎರಡೆರಡು ಸಲ ಓದಿದರು. ಅಷ್ಟರಲ್ಲಿ ಕೇಂದ್ರದ ಯಜಮಾನಿ, ಬಿಳಿಕೂದಲ ದಪ್ಪ ಕನ್ನಡಕದ ಹೆಂಗಸು, ಫಾರಂ ಹಿಡಿದು ಎದುರಿಗೆ ಬಂದಾಗಿತ್ತು.

ಬೆಕ್ಕು ಯಾಕೆ ಬೇಕು ಎಂದರು. ಮನೆಯಲ್ಲಿ ಸಾಕಲು ಎಂದ ಸೀಲುಮಾಮ. ಹೆಂಡತಿಗೆ ಒಪ್ಪಿಗೆಯೇ ಎಂದರು. ಅವಳದ್ದೇ ಆಸೆ ಎಂದ. ಹಗಲು ಯಾರಿರುತ್ತಾರೆ ಎಂದದ್ದಕ್ಕೆ ಅವಳೇ ಇರುತ್ತಾಳೆ, ಬೆಕ್ಕಿಗೆಂದು ಆಗಲೇ ಮೆತ್ತೆ ಹೊಲಿಯುತ್ತಿದ್ದಾಳೆ ಎಂದ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಬೇಕಾಗುತ್ತದೆ ಎಂದು ಕೇಳಿದ್ದ. ಹೀಗೆ ಕೇಳದೆಯೂ ಬರುತ್ತವೆ ಎಂಬುದು ಅವನಿಗೇ ಹೊಸದು. ಇವರು ಯಾರು ಎಂದು ಬೈಂಡರನ್ನು ತೋರಿಸಿದಾಗ, ಹೆಂಡತಿಯ ತಮ್ಮ ಎಂದುಬಿಟ್ಟ. ಬೈಂಡರು ಅವನಿಗಿಂತ ಎಂಟು ವರ್ಷ ದೊಡ್ಡವನು, ಹೆಂಡತಿಗಿಂತ ಹನ್ನೆರಡು. ಯಜಮಾನಿ ಬೈಂಡರಿನ ಬೋಳುತಲೆಯನ್ನು ಎರಡು ಸಲ ನೋಡಿ, ತಮ್ಮ ಎಂದು ಫಾರಂನಲ್ಲಿ ನಿಧಾನವಾಗಿ ಬರೆದುಕೊಂಡರು.

ಗೂಡುಗಳು ಗೋಡೆಯುದ್ದಕ್ಕೂ ಇದ್ದವು. ಮೊದಲನೆಯ ಬೆಕ್ಕು ದಿಂಬಿನಂತೆ ಬಿದ್ದುಕೊಂಡಿತ್ತು. ಬೈಂಡರು ಕಣ್ಣಲ್ಲೇ ಬೇಡವೆಂದ. ಎರಡನೆಯದಕ್ಕೆ ಒಂದೇ ಕಣ್ಣು. ಮೂರನೆಯದು ಸೀಲುಮಾಮನನ್ನು ನೋಡಿ ಹಿಸ್ಸೆಂದಿತು. ಪ್ರಾಣಿಗಳಿಗೆ ಮನುಷ್ಯರ ಒಳಗು ತಿಳಿಯುತ್ತದೆ ಎನ್ನುತ್ತಾರಲ್ಲ, ಅದು ನೆನಪಾಗಿ ಅವನು ಬೇಗ ಮುಂದೆ ಸರಿದ. ಯಜಮಾನಿ ಬೆನ್ನು ತಿರುಗಿಸಿದ ಸಮಯ ನೋಡಿ ಬೈಂಡರು ಗೂಡುಗಳತ್ತ ಬಾಗಿ ಇಲಿಯಂತೆ ಕಿಚಕಿಚ ಎಂದ. ಯಾವ ಬೆಕ್ಕೂ ಅಲುಗಲಿಲ್ಲ. ತಿರುಗಿದ್ದು ಯಜಮಾನಿ ಮಾತ್ರ.

"ಏನಾಯ್ತು ಇವರಿಗೆ?"

"ಬಿಕ್ಕಳಿಕೆ," ಎಂದ ಸೀಲುಮಾಮ. "ನಮ್ಮ ಭಾವಮೈದನಿಗೆ ಚಿಕ್ಕಂದಿನಿಂದ ಹೀಗೆ."

ಯಜಮಾನಿ ಮರುಕದಿಂದ ಒಂದು ಲೋಟ ನೀರು ತಂದರು. ಅವರು ನೋಡುತ್ತಿದ್ದುದರಿಂದ ಬೈಂಡರು ಅದನ್ನು ಪೂರ್ತಿ ಕುಡಿಯಬೇಕಾಯಿತು. ಆಮೇಲೆ ಇನ್ನೊಂದು ಲೋಟ.

ಕೊನೆಯ ಗೂಡಿನಲ್ಲಿ ಕಂದುಬಣ್ಣದ ತೆಳ್ಳನೆ ಹೆಣ್ಣುಬೆಕ್ಕು. ಸೀಲುಮಾಮ ಹತ್ತಿರ ಹೋಗುತ್ತಲೇ ಅದು ಎದ್ದು ಸರಳುಗಳ ಸಂದಿಯಲ್ಲಿ ಮುಂಗಾಲು ಚಾಚಿ ಅವನ ಪ್ಯಾಂಟಿನ ಜೇಬನ್ನು ಹಿಡಿಯಿತು. ಮೂಗು ಅರಳಿತ್ತು, ಮೀಸೆ ನಡುಗುತ್ತಿತ್ತು, ಇಡೀ ಮೈ ಅದುರುತ್ತಿತ್ತು. ಇಲಿ ಓಡಾಡಿದ ಜಾಗದಿಂದ ಬಂದವನಲ್ಲವೇ, ವಾಸನೆ ಹಿಡಿದಿದೆ ಎಂದು ಬೈಂಡರು ಕಿವಿಯಲ್ಲಿ ಪಿಸುಗುಟ್ಟಿದ. ಆ ಜೇಬಿನಲ್ಲಿ ಎರಡು ಚೀಸ್ ಬಿಸ್ಕತ್ತು ಇದ್ದದ್ದು ಸೀಲುಮಾಮನಿಗೆ ಮರೆತೇ ಹೋಗಿತ್ತು. ನೆನಪಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಗೂಡಿಗೊಂದು ಕಾರ್ಡು ನೇತುಬಿದ್ದಿತ್ತು. ಮೂರು ಸಲ ಮನೆ ಸೇರಿ ಮೂರು ಸಲ ವಾಪಸ್ ಬಂದ ಬೆಕ್ಕು ಅದು. ವಾಪಸ್ ಕೊಟ್ಟವರು ಕಾರಣವನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಮೊದಲನೆಯವರು ಮನೆಯಲ್ಲಿ ಜಾಗ ಸಾಲದು ಎಂದು ಬರೆದಿದ್ದರು. ಎರಡನೆಯವರು ಮಗುವಿಗೆ ಸೀನು ಬರುತ್ತದೆ ಎಂದು. ಮೂರನೆಯವರು ಬೇರೆ ಊರಿಗೆ ವರ್ಗವಾಗಿದೆ ಎಂದು. ಪಾಪದ ಪ್ರಾಣಿ, ಅದೃಷ್ಟ ಇಲ್ಲ ಎಂದುಕೊಂಡ ಸೀಲುಮಾಮ.

"ಇದನ್ನ ಕೇಳ್ತಿದೀರಾ?" ಯಜಮಾನಿ ಸ್ವಲ್ಪ ಹಿಂಜರಿದರು. "ಇದಕ್ಕೊಂದು ಅಭ್ಯಾಸ ಇದೆ. ಮೊದಲೇ ಹೇಳಿಬಿಡ್ತೀನಿ, ಕೂತ್ಕೊಳ್ಳಿ."

ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಹಿಂದಕ್ಕೆ ಮುಕ್ಕಾಲು ಗಂಟೆ ಬಸ್ಸು. ಕೂತರೆ ಕೆಟ್ಟೆ ಎನ್ನಿಸಿ, ಬಾಯಿಗೆ ಬಂದದ್ದನ್ನು ಹೇಳಿದ:

"ಪ್ರೀತಿಯಿಂದ ಕರ್ಕೊಂಡು ಹೋಗೋಕೆ ಬಂದವರು ತಪ್ಪು ಕೇಳಬಾರದು ಅಮ್ಮಾ. ಯಾರಲ್ಲಿ ಇಲ್ಲ ತಪ್ಪು?"

ಯಜಮಾನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮೂವತ್ತು ವರ್ಷದಲ್ಲಿ ಈ ಮಾತು ಹೇಳಿದವರು ನೀವೊಬ್ಬರೇ ಎಂದರು. ಅವನ ಎರಡೂ ಕೈ ಹಿಡಿದುಕೊಂಡರು. ಸೀಲುಮಾಮನಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಒಂದೇ ದಿನದಲ್ಲಿ ಇದು ಎರಡನೇ ಸಲ ಯಾರೋ ಅವನನ್ನು ಒಳ್ಳೆಯವನು ಎಂದದ್ದು. ನಾಳೆ ಬೆಳಗ್ಗೆ ಏಳಕ್ಕೆ ಮನೆಗೆ ಬಂದು ಬೆಕ್ಕನ್ನೂ ಮೆತ್ತೆಯನ್ನೂ ನೋಡಿ ಹೋಗುತ್ತೇನೆ ಎಂದು ಅವರು ವಿಳಾಸ, ಫೋನ್ ನಂಬರು ಬರೆದುಕೊಂಡು, ಕಾರ್ಡನ್ನು ಅವನ ಅಂಗಿಯ ಜೇಬಿಗೆ ಸೇರಿಸಿದರು.

ಬಸ್ಸಿನಲ್ಲಿ ಬೆಕ್ಕು ಕೂಗಿದ ಪರಿಗೆ ಇಡೀ ಬಸ್ಸು ಸೀಲುಮಾಮನನ್ನು ಮಕ್ಕಳ ಕಳ್ಳನನ್ನು ನೋಡುವಂತೆ ನೋಡಿತು. ಪೆಟ್ಟಿಗೆ ಅವನ ತೊಡೆಯ ಮೇಲಿದ್ದರೆ ಕೂಗು, ಜೇಬಿನ ಪಕ್ಕಕ್ಕೆ ಸರಿಸಿದರೆ ಮೌನ. ಬೈಂಡರು ಎರಡು ಲೋಟ ನೀರಿನ ಪರಿಣಾಮವಾಗಿ ತೊಡೆ ಬಿಗಿ ಹಿಡಿದು, ಬೇಟೆಯ ಬೆಕ್ಕುಗಳ ಕುರಿತ ಉಪನ್ಯಾಸವನ್ನು ಮೊದಲ ಬಾರಿಗೆ ನಿಲ್ಲಿಸಿದ್ದ.

ಐದಕ್ಕೆ ಐದು ನಿಮಿಷ ಇರುವಾಗ ಸೀಲುಮಾಮ ಏದುಸಿರು ಬಿಡುತ್ತಾ ಗ್ರಂಥಾಲಯದ ಮೆಟ್ಟಿಲು ಹತ್ತಿದ. ಒಳಗೆ ಎಲ್ಲರ ಮುಖವೂ ಅರಳಿತ್ತು. ಮಧ್ಯಾಹ್ನ ಬಡಗಿಯನ್ನು ಕರೆಸಿ ಗಾಜಿನ ಕಪಾಟು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಮುಷ್ಟಿಯಷ್ಟು ಬಿಲ ಸಿಕ್ಕಿತಂತೆ. ಆಚೆ ಕಡೆ ಬೇಕರಿಯ ಉಗ್ರಾಣ. ಇಲಿ ಬಂದದ್ದು ಅಲ್ಲಿಂದ, ಗುಡಿಸಿದವಳ ತಪ್ಪು ಏನೂ ಇಲ್ಲ. ಮೇಡಂ ಆಗಲೇ ಪತ್ರ ಹರಿದುಹಾಕಿ, ಎಲ್ಲರೆದುರು ಅಕ್ಕನ ಕ್ಷಮೆ ಕೇಳಿದ್ದರು.

ಸದ್ಯ, ಎಂದುಕೊಂಡ ಸೀಲುಮಾಮ. ಅಕ್ಕನ ಕೆಲಸ ಉಳಿಯಿತು, ತನ್ನ ಮಾನವೂ ಉಳಿಯಿತು. ಡ್ರಾಯರನ್ನು ಈ ರಾತ್ರಿಯೇ ಖಾಲಿ ಮಾಡಿ, ಜನ್ಮದಲ್ಲಿ ಇನ್ನು ಚೀಸ್ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ. ಮನುಷ್ಯ ಸಿಕ್ಕಿಬೀಳದೆ ಪಾರಾದಾಗ ಎಷ್ಟು ಬೇಗ ಒಳ್ಳೆಯವನಾಗುತ್ತಾನೆ!

ಇನ್ನು ಬೆಕ್ಕಿನ ಅಗತ್ಯವೇನೂ ಇಲ್ಲ, ಆದರೂ ಅಕ್ಕನಿಗಾಗಿ ಇಷ್ಟು ಕಷ್ಟಪಟ್ಟಿದ್ದೀರಿ, ಒಮ್ಮೆ ತೋರಿಸಿ ಎಂದರು ಮೇಡಂ. ಅವನು ಹೆಮ್ಮೆಯಿಂದಲೇ ಪೆಟ್ಟಿಗೆ ಕೆಳಗಿಟ್ಟು ಮುಚ್ಚಳ ತೆರೆದ.

ಬೆಕ್ಕು ಹೊರಗೆ ಬಂತು. ಮೈ ಕೊಡವಿತು. ಮೂಗು ಮೇಲೆತ್ತಿ ಒಂದು ಸಲ ಉಸಿರೆಳೆಯಿತು. ಯಾರನ್ನೂ ನೋಡದೆ, ಓದುಗರ ಕಾಲುಗಳ ನಡುವೆ ನೇರವಾಗಿ ನಡೆದು ಸೀಲುಮಾಮನ ಮೇಜಿನ ಹಿಂದೆ ಹೋಯಿತು. ಕೆಳಗಿನ ಡ್ರಾಯರಿನ ಮುಂದೆ ಕೂತು, ಮುಂಗಾಲಿನ ಉಗುರುಗಳನ್ನು ಸಂದಿಗೆ ಸಿಕ್ಕಿಸಿ, ಬಾವಿಯಿಂದ ನೀರು ಸೇದುವವರಂತೆ ಮೈಯನ್ನು ಹಿಂದಕ್ಕೆ ಚೆಲ್ಲಿ ಎಳೆಯಿತು. ಎರಡೇ ಎಳೆತಕ್ಕೆ ಡ್ರಾಯರು ಪೂರ್ತಿ ತೆರೆದುಕೊಂಡಿತು.

ಮುಂದೆ ಚೀಸ್ ಬಿಸ್ಕತ್ತಿನ ಏಳು ಪೊಟ್ಟಣ. ಹಿಂದೆ, ಮೂರು ವರ್ಷದಿಂದ ಅವನ ಕಣ್ಣು ಬೀಳದಿದ್ದ ಮೂಲೆಯಲ್ಲಿ, ಬಣ್ಣಬಣ್ಣದ ಕಾಗದದ ಚೂರುಗಳ ದುಂಡನೆಯ ಗೂಡು. ಗೂಡಿನ ನಟ್ಟನಡುವೆ ಗೂಬೆಯ ಒಂದು ಹಳದಿ ಕಣ್ಣು, ನೇರವಾಗಿ ಸೀಲುಮಾಮನನ್ನೇ ನೋಡುತ್ತಿತ್ತು.

ಗೂಡಿನಿಂದ ಒಂದು ಇಲಿ ಚಂಗನೆ ಜಿಗಿಯಿತು. ಬೆಕ್ಕು ಕಿಟಾರನೆ ಕಿರುಚಿ ಮೇಡಂ ಕುರ್ಚಿಯ ಬೆನ್ನೇರಿ, ಅಲ್ಲಿಂದ ಕಪಾಟಿನ ತುದಿಗೆ ಹಾರಿ ಕೂತಿತು. ಇಲಿ ನಿಧಾನವಾಗಿಯೇ ಹೊರಟುಹೋಯಿತು.

ಸೀಲುಮಾಮನ ತಲೆಯ ಮೇಲಿನ ಬೋರ್ಡನ್ನು ಎಲ್ಲರೂ ಒಮ್ಮೆ ಓದಿದರು. ಕೊನೆಗೆ ಬೈಂಡರು, ಶೌಚಾಲಯದಿಂದ ಆಗಷ್ಟೇ ಬಂದವನು, ಡ್ರಾಯರನ್ನೂ ಕಪಾಟಿನ ಮೇಲಿನ ಬೆಕ್ಕನ್ನೂ ನೋಡಿ, "ಇದು ಇಲಿ ಹಿಡಿಯೋ ಬೆಕ್ಕಲ್ಲ ಕಣಯ್ಯಾ. ಕಳ್ಳರನ್ನ ಹಿಡಿಯೋದು," ಎಂದ. ಆಯುಸ್ಸಿನಲ್ಲಿ ಅವನು ಹೇಳಿದ ಮೊದಲ ಸರಿಯಾದ ಮಾತು ಅದು.

ಮೇಡಂ ಮೆಲ್ಲಗೆ, ಬಹಳ ಮೆಲ್ಲಗೆ, ನಾಳೆಯಿಂದ ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ ಕೂತು ಆ ಚೂರುಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಅಂಟಿಸಬೇಕು ಎಂದರು. ಅಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಕ್ಕ ಪೊರಕೆ, ಮೊರ ತಂದು ಮೇಜಿನ ಕೆಳಗೆ ಕೂತಳು. ಚೂರುಗಳನ್ನು ಜೋಪಾನವಾಗಿ ಒಂದು ಕಾಗದಕ್ಕೆ ಎತ್ತಿಟ್ಟಳು. ಸೀಲುಮಾಮ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಏನಾದರೂ ಹೇಳಲೇಬೇಕಿತ್ತು.

"ಗೊತ್ತಿತ್ತೇನಮ್ಮಾ ನಿನಗೆ?"

"ಮೂರು ವರ್ಷದಿಂದ ದಿನಾ ಸಂಜೆ ನಿಮ್ಮ ಕುರ್ಚಿ ಕೆಳಗಿನ ಪುಡಿ ಗುಡಿಸ್ತಿರೋದು ನಾನೇ ಅಲ್ವಾ ಸರ್. ಡ್ರಾಯರಿಗೆ ಕೈ ಹಾಕಲಿಲ್ಲ, ಅದು ನಿಮ್ಮದು."

"ಮತ್ತೆ ಬೆಳಗ್ಗೆ ಯಾಕೆ ಹೇಳಲಿಲ್ಲ?"

ಅಕ್ಕ ಮೊರವನ್ನು ಒಮ್ಮೆ ಕುಟ್ಟಿದಳು. "ನೀವು ಎದ್ದು ನಿಂತ್ರಲ್ಲ ಸರ್. ನೀವೇ ಹೇಳ್ತೀರಿ ಅಂದ್ಕೊಂಡೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಸೀಲುಮಾಮ ಮೂಲೆಯಲ್ಲಿ ಉಳಿದಿದ್ದ ಒಂದು ಚೂರನ್ನು ಹೆಕ್ಕಿ ಅವಳ ಕಾಗದದ ಮೇಲಿಟ್ಟ. ನಾಚಿಕೆ ಎನ್ನುವುದು ಮುಖಕ್ಕೆ ಮಾತ್ರ ಬರುತ್ತದೆ ಎಂದು ಅವನು ತಿಳಿದಿದ್ದ. ಅದು ಅಂಗಾಲಿನವರೆಗೂ ಇಳಿದಿತ್ತು.

ಆಗ ಫೋನು ಬಡಿದುಕೊಂಡಿತು. ಆಶ್ರಯಕೇಂದ್ರದ ಯಜಮಾನಿ. ಮನಸ್ಸು ತಡೆಯಲಿಲ್ಲ, ಆ ಅಭ್ಯಾಸ ಹೇಳಿಬಿಡುತ್ತೇನೆ ಎಂದರು. ಎಲ್ಲಿ ಏನು ತಿಂಡಿ ಬಚ್ಚಿಟ್ಟಿದ್ದರೂ ಅದು ಹುಡುಕಿ ಹೊರಗೆ ಎಳೆಯುತ್ತದೆ. ಮತ್ತೆ ಇಲಿ ಕಂಡರೆ ಪ್ರಾಣಭಯ. "ಇನ್ನೇನೂ ದೋಷ ಇಲ್ಲಪ್ಪಾ. ಮುಚ್ಚಿಡೋದು ಇಲ್ಲದ ಮನೆಯಲ್ಲಿ ಬಂಗಾರದಂಥ ಬೆಕ್ಕು. ನಿಮ್ಮಂಥವರ ಮನೆ ಸೇರಿತಲ್ಲ, ಇವತ್ತು ಚೆನ್ನಾಗಿ ನಿದ್ದೆ ಬರುತ್ತೆ," ಎಂದು ಫೋನ್ ಇಟ್ಟರು.

ವಾಪಸ್ ಕೊಟ್ಟುಬಿಡುವುದು ಎಂದು ಸೀಲುಮಾಮ ಜೇಬಿನಿಂದ ಕಾರ್ಡು ತೆಗೆದ. ಜಾಗ ಸಾಲದು. ಮಗುವಿಗೆ ಸೀನು. ವರ್ಗವಾಗಿದೆ. ಈಗ ಆ ಮೂರು ಸಾಲುಗಳೂ ಅವನಿಗೆ ಬೇರೆಯಾಗಿಯೇ ಕಂಡವು. ಮೂವರ ಮನೆಯಲ್ಲೂ ಎಲ್ಲೋ ಒಂದು ಡ್ರಾಯರು, ಒಂದು ಡಬ್ಬಿ, ಒಂದು ಪೆಟ್ಟಿಗೆ ಎಲ್ಲರೆದುರು ತೆರೆದುಕೊಂಡಿರಬೇಕು. ನಾಲ್ಕನೆಯ ಸಾಲು ಖಾಲಿ ಇತ್ತು. ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದ. ಒಳ್ಳೊಳ್ಳೆಯ ಸುಳ್ಳುಗಳನ್ನೆಲ್ಲ ಮೊದಲಿನ ಮೂವರೇ ಬರೆದು ಮುಗಿಸಿದ್ದರು.

ಪೆಟ್ಟಿಗೆ ಹೊತ್ತು ಮನೆಗೆ ಹೋದ. ಹೆಂಡತಿ ಬಾಗಿಲು ತೆರೆದು, ಇದೇನಿದು ಎಂದಳು. ಬೆಕ್ಕು ಎಂದ. ಬೆಕ್ಕು ಅಂತ ಕಾಣುತ್ತಿದೆ, ಯಾಕೆ ಎಂದಳು. ನಾಳೆ ಏಳರೊಳಗೆ ಒಂದು ಮೆತ್ತೆ ಬೇಕಾಗಬಹುದು ಎಂದಷ್ಟೇ ಅವನ ಬಾಯಿಂದ ಬಂತು. ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿ ಇಳಿಸಿದ. ಅವಳು ತಲೆ ಚಚ್ಚಿಕೊಂಡು ಒಂದು ಬಟ್ಟಲಿನಲ್ಲಿ ನೀರು ತಂದು ಅಲ್ಲಿಯ ಗೋಡೆಗೆ ಒತ್ತಿ ಇಟ್ಟಳು.

ಬೆಕ್ಕು ಪೆಟ್ಟಿಗೆಯಿಂದ ಇಳಿಯಿತು. ಮೈ ಕೊಡವಿತು. ಮೂಗು ಮೇಲೆತ್ತಿತು. ಯಾರನ್ನೂ ನೋಡದೆ ಬಟ್ಟೆಯ ಬೀರುವಿನ ಕಡೆಗೆ ನೇರವಾಗಿ ನಡೆಯತೊಡಗಿತು.

ನೀವೇ ಹೇಳ್ತೀರಿ ಅಂದ್ಕೊಂಡೆ ಎಂಬ ಅಕ್ಕನ ಮಾತು ಸೀಲುಮಾಮನಿಗೆ ನೆನಪಾಯಿತು. ಒಂದು ದಿನಕ್ಕೆ ಒಂದು ಸಲ ಸಿಕ್ಕಿಬಿದ್ದದ್ದು ಸಾಕು ಎನ್ನಿಸಿತು. ಅವನು ಬೆಕ್ಕನ್ನು ದಾಟಿ ಓಡಿ ಬೀರುವಿಗೆ ಬೆನ್ನು ಕೊಟ್ಟು ನಿಂತ.

"ತಡಿ, ನಾನೇ ಹೇಳ್ತೀನಿ," ಎಂದ. ಹೇಳಿದ. ಸ್ವೆಟರುಗಳ ಅಡಿಯ ಡಬ್ಬಿ, ಆಫೀಸಿನ ಡ್ರಾಯರು, ಮೂರು ವರ್ಷ, ಗೂಬೆ, ಅಕ್ಕ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ತಾನೇ ಬೀರು ತೆರೆದು, ತಾನೇ ಡಬ್ಬಿ ತೆಗೆದು, ಹೆಂಡತಿಯ ಕೈಗಿಟ್ಟ. ಹೇಳಿ ಮುಗಿಸಿದಾಗ ಕಣ್ಣು ತೇವವಾಗಿತ್ತು, ಎದೆ ಮಾತ್ರ ಬೆಳಗ್ಗೆಯಿಂದ ಮೊದಲ ಸಲ ಹಗುರಾಗಿತ್ತು.

ಹೆಂಡತಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ. ಮುಚ್ಚಳ ತೆರೆದು ಅವನ ಮುಂದೆ ಹಿಡಿದಳು. ಒಳಗೆ ಒಂದು ಚೂರೂ ಇರಲಿಲ್ಲ.

"ಇದನ್ನ ನಾನು ಸೋಮವಾರವೇ ಖಾಲಿ ಮಾಡಿದ್ದೆ," ಎಂದಳು. "ಆಫೀಸಿನ ಡ್ರಾಯರು ಮಾತ್ರ ಗೊತ್ತಿರಲಿಲ್ಲ."

ಬೆಕ್ಕು ಬೀರುವಿನತ್ತ ನೋಡದೆ, ಅದರ ಪಕ್ಕದ ಬಟ್ಟಲಿನಿಂದ ನೀರು ಕುಡಿಯುತ್ತಿತ್ತು.